ನಾಲ್ಕು ಬೆರಳಿನ ಅಂಚು

ಹೋದ ಶ್ರಾವಣದಲ್ಲಿ ಹಟ್ಟಿ ತಿಪ್ಪೇಸ್ವಾಮಿಗೆ ಹಣ್ಣುಕಾಯಿ ಮಾಡಿಸಿಕೊಂಡು ವಾಪಸು ಬರುವಾಗ ಬಸ್ಸು ಚಳ್ಳಕೆರೆಯಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯಿಂದ ಶೇಂಗಾ ಹಿಂಡಿಯ ವಾಸನೆ ಒಳಗೆ ಬಂತು. ಮೊದಲಿನಷ್ಟು ಗಾಢವಾಗಿರಲಿಲ್ಲ, ಎಷ್ಟೋ ಎಣ್ಣೆ ಮಿಲ್ಲುಗಳು ಮುಚ್ಚಿವೆಯಂತೆ. ಆದರೂ ಅದು ಮೂಗಿಗೆ ಬಿದ್ದದ್ದೇ ತಡ, ಮಿಲ್ಲಿನ ಹಿಂದಿನ ನಮ್ಮ ಬಾಡಿಗೆ ಮನೆ, ಒಗೆದ ಬಟ್ಟೆಗೂ ಅಂಟಿಕೊಳ್ಳುತ್ತಿದ್ದ ಆ ಜಿಡ್ಡು, ಹೊರಗಿನ ಕೋಣೆಯಲ್ಲಿ ಎದೆಯ ಮಟ್ಟಕ್ಕೆ ಪೇರಿಸಿದ್ದ ಇವರ ಕಾಗದಗಳು ಎಲ್ಲ ಎದುರಿಗೆ ಬಂದು ನಿಂತವು.

"ರೀ, ವಾಸನೆ ಬಂತಾ?" ಎಂದೆ.

"ಬಂತು," ಎಂದು ಇವರು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದರು.

ನಮ್ಮ ಮನೆಯವರು ಅರ್ಥಶಾಸ್ತ್ರದ ಮೇಷ್ಟ್ರು. ಈಗ ನಿವೃತ್ತರು. ಎರಡು ಯೂನಿವರ್ಸಿಟಿಗಳಲ್ಲಿ ಪ್ರೊಫೆಸರ್ ಆಗಿದ್ದರು, ಹೊರದೇಶದ ಸೆಮಿನಾರುಗಳಿಗೆ ಹೋಗಿ ಬಂದರು, ಅವರ ಕೈಕೆಳಗೆ ಓದಿದ ಹುಡುಗ ಹುಡುಗಿಯರು ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿದ್ದಾರೆ. ಸಭೆಗಳಲ್ಲಿ ಪರಿಚಯ ಮಾಡಿಕೊಡುವವರು ಇದನ್ನೆಲ್ಲ ಓದುತ್ತಾರೆ, ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ತೊಂಬತ್ತೇಳರ ದೀಪಾವಳಿಯಿಂದ ಮುಂದಿನ ದೀಪಾವಳಿಯ ತನಕದ ಒಂದು ವರ್ಷ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ ವರ್ಷ ಕೈತಪ್ಪಿದ್ದರೆ ಪಟ್ಟಿಯೇ ಇರುತ್ತಿರಲಿಲ್ಲ.

ಆಗ ಇವರು ಚಳ್ಳಕೆರೆಯ ಕಾಲೇಜೊಂದರಲ್ಲಿ ಲೆಕ್ಚರರ್. ಪಾಠದ ಜೊತೆಗೇ ಪಿಎಚ್.ಡಿ.ಗೆ ಓದುತ್ತಿದ್ದರು. ವಿಷಯದ ಹೆಸರು ಇಂಟರ್‌ನ್ಯಾಷನಲ್ ಮ್ಯಾಕ್ರೋ ಎಕನಾಮಿಕ್ಸ್. ಮದುವೆಯಾದ ಹೊಸದರಲ್ಲಿ ನಾನು "ಹಂಗಂದ್ರೇನ್ರಿ?" ಎಂದು ಕೇಳಿದ್ದೆ. ಅವರು, "ಎದುರುಮನೆಯೋರು ಒಲೆ ಹಚ್ಚಿದ್ರೆ ನಮ್ಮನೆಗೆ ಹೊಗೆ ಎಷ್ಟು ಬರ್ತೈತೆ ಅಂತ ಲೆಕ್ಕ ಹಾಕೋದು. ಎದುರುಮನೆ ಅಂದ್ರೆ ಬೇರೆ ದೇಶ," ಎಂದಿದ್ದರು. ನನಗೆ ಅಷ್ಟು ಸಾಕಾಗಿತ್ತು. ತಿಳಿಯುವ ಹಾಗೆ ಹೇಳುವ ಗಂಡನನ್ನು ಕೊಟ್ಟನಲ್ಲ ಎಂದು ಶಿವನಿಗೆ ಅವತ್ತು ಎರಡು ದಳ ಪತ್ರೆ ಜಾಸ್ತಿ ಏರಿಸಿದ್ದೆ.

ಇವರು ಹಿಡಿದಿದ್ದ ಪ್ರಶ್ನೆ ಇದು: ರೂಪಾಯಿ ಬಡವಾದರೆ ಚೀನಾದ ರೇಷ್ಮೆ ನೂಲು ತುಟ್ಟಿಯಾಗುತ್ತದೆ. ನೂಲು ತುಟ್ಟಿಯಾದರೆ ಮೊಳಕಾಲ್ಮುರಿನ ಸೀರೆ ತುಟ್ಟಿಯಾಗಬೇಕು. ಆಗುತ್ತದೆಯೇ, ಎಷ್ಟು ಆಗುತ್ತದೆ? ಇದಕ್ಕಾಗಿ ಪ್ರತಿ ತಿಂಗಳ ಎರಡನೇ ಭಾನುವಾರ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋಗಿ ಒಂದೇ ತರಹದ ಧಾರೆ ಸೀರೆಗೆ ದರ ಕೇಳಿಕೊಂಡು ಬರುತ್ತಿದ್ದರು. ನಾಲ್ಕು ವರ್ಷ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಡಾಲರು ಎಷ್ಟೇ ಮೇಲೆ ಹೋದರೂ ಸೀರೆಯ ದರ ಮಾತ್ರ ಇದ್ದಲ್ಲೇ ಇತ್ತು. ಹೊರಗಿನ ಹೊಗೆ ನಮ್ಮ ತಾಲ್ಲೂಕಿನೊಳಗೆ ಬರುವುದೇ ಇಲ್ಲ, ನೇಕಾರರೂ ವ್ಯಾಪಾರಿಗಳೂ ಅದನ್ನು ತಮ್ಮ ಲಾಭದಲ್ಲೇ ನುಂಗಿಕೊಳ್ಳುತ್ತಾರೆ ಎಂದು ಇವರು ಬರೆದರು. ಗೈಡ್ ಬಹಳ ಮೆಚ್ಚಿದ್ದರು. ಮೇ ಕೊನೆಯೊಳಗೆ ಥೀಸಿಸ್ ಕೊಡಬೇಕಿತ್ತು. ಆಗಲೇ ಎರಡು ಸಲ ಅವಧಿ ಹೆಚ್ಚಿಸಿಕೊಂಡಾಗಿತ್ತು, ಮೂರನೆಯ ಸಲ ಇಲ್ಲ ಎಂದು ಯೂನಿವರ್ಸಿಟಿಯಿಂದ ಕಾಗದ ಬಂದಿತ್ತು. ತಪ್ಪಿದರೆ ಆರು ವರ್ಷದ ಓದು ಅಲ್ಲಿಗೇ ಮುಗಿದ ಹಾಗೆ.

ಆ ವರ್ಷ ಪೂರ್ವದ ಕಡೆಯ ದೇಶಗಳ ಹಣವೆಲ್ಲ ಒಂದರ ಹಿಂದೆ ಒಂದು ಬಿದ್ದುಹೋಗುತ್ತಿತ್ತು. ಇವರು ರೇಡಿಯೋ ಕಿವಿಗೆ ಹಚ್ಚಿಕೊಂಡೇ ಇರುತ್ತಿದ್ದರು. ನಮ್ಮ ಮನೆಯ ಮುಂದಿನ ಆ ಎಣ್ಣೆ ಮಿಲ್ಲಿನ ಮಾಲೀಕ ಮಲ್ಲಣ್ಣನವರು ಬೆಳಗಾದರೆ ಕಾಂಪೌಂಡಿನ ಆ ಕಡೆ ನಿಂತು ವಿಚಾರಿಸುತ್ತಿದ್ದರು.

"ಮೇಷ್ಟ್ರೇ, ಮುಂದಿನ ತಿಂಗಳು ಡಾಲರ್ ಎಷ್ಟಾಗ್ತೈತೆ?"

"ಹೇಳಕ್ಕೆ ಬರಲ್ಲ ಮಲ್ಲಣ್ಣ."

"ಹೇಳಕ್ಕೆ ಬರಲ್ಲ ಅನ್ನೋದನ್ನ ಆರು ವರ್ಷ ಓದ್ಬೇಕಾ? ನಾನು ಓದದೇನೇ ಹೇಳ್ತಿದ್ನಲ್ಲ."

ಇವರೂ ನಗುತ್ತಿದ್ದರು. ಮಲ್ಲಣ್ಣನವರ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಅವರ ಮನೆಯ ಗಾಣದ ಎಣ್ಣೆ ತಿಂಗಳಿಗೊಂದು ಬಾಟಲಿ ನಮಗೆ ಬರುತ್ತಿತ್ತು, ಬೇಡವೆಂದರೂ.

ದೀಪಾವಳಿ ಕಳೆದ ವಾರ ನನ್ನ ಮೈದುನನ ಮದುವೆ ಗೊತ್ತಾಯಿತು. ಇವರ ಮನೆ ಬಿ.ಜಿ. ಕೆರೆ. ಹೊಲವೂ ಒಂದು ಕಿರಾಣಿ ಅಂಗಡಿಯೂ ಇದ್ದ ಮನೆ. ನಮ್ಮ ಅತ್ತೆ ಮಾಡಿದ್ದೇ ಅಲ್ಲಿ ಕಾನೂನು. ಆ ಕಾನೂನುಗಳಲ್ಲಿ ಒಂದು, ಸೊಸೆಯಂದಿರ ಧಾರೆ ಸೀರೆಯದು. ಹಿರೀ ಸೊಸೆಗೆ ಏನು ದರದ ಸೀರೆಯೋ ಕಿರೀ ಸೊಸೆಗೂ ಅದೇ ದರದ್ದು, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಳೆ ವಾರಗಿತ್ತಿಯರಲ್ಲಿ ನಂದು ಮೇಲು ನಿಂದು ಕೀಳು ಎಂಬ ಮಾತು ಬರಬಾರದು ಎಂದು. ನಮ್ಮ ಮನೆಯೊಂದೇ ಅಲ್ಲ, ಆ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಪದ್ಧತಿ. ಹಿರೀ ವಾರಗಿತ್ತಿ ಶಾಂತಕ್ಕನ ಸೀರೆ ಮೂರು ಸಾವಿರ, ಎರಡು ವರ್ಷ ಬಿಟ್ಟು ಬಂದ ನನ್ನದೂ ಮೂರು ಸಾವಿರ, ಈಗ ಬರುವ ಸುಮಳದೂ ಅಷ್ಟೇ.

ಅತ್ತೆ, ಶಾಂತಕ್ಕ, ನಾನು ಮೂವರೂ ಮೊಳಕಾಲ್ಮುರಿಗೆ ಹೋದೆವು. ನಮ್ಮ ಮನೆಗೆ ಮೂರೂ ಸೀರೆ ನೇಯ್ದವರು ನಾರಾಯಣಪ್ಪ. ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು.

"ಕೂಚೋಂಡಮ್ಮ, ಕೂಚೋಂಡಿ," ಎಂದು ಮಗ್ಗದ ಪಕ್ಕ ಚಾಪೆ ಹಾಸಿದರು.

"ನಮ್ಮ ದರ ಗೊತ್ತೈತಲ್ಲ ನಾರಾಯಣಪ್ಪ," ಎಂದರು ಅತ್ತೆ.

"ತೆಲುಸು ಅವ್ವ, ತೆಲುಸು. ಮೂರನೇ ಸೊಸಿಗೂ ಅದೇ ಮೂರು ಸಾವಿರ. ಒಂದು ರೂಪಾಯಿ ಮ್ಯಾಲೆ ಕೇಳಿದ್ರೆ ನನ್ನ ಕೇಳ್ರಿ."

ಅರಿಶಿನದ ಬಣ್ಣದ ಒಡಲು, ಕುಂಕುಮದ ಬಣ್ಣದ ಅಂಚು. ನೋಡಿದರೆ ಕಣ್ಣು ತಂಪಾಗುವ ಸೀರೆ. ಅತ್ತೆ ಅದನ್ನು ಬೆಳಕಿಗೆ ಹಿಡಿಯಲು ಬಾಗಿಲ ಹತ್ತಿರ ಒಯ್ದರು. ಹಿಂದಿನ ತುದಿ ನನ್ನ ಕೈಯಲ್ಲಿತ್ತು. ಸುಮ್ಮನೆ ಅಂಚಿನ ಮೇಲೆ ಬೆರಳಿಟ್ಟೆ. ಮೂರು ಬೆರಳು. ಶಾಂತಕ್ಕನ ಸೀರೆಯನ್ನು ಹಬ್ಬ ಹಬ್ಬಕ್ಕೆ ಮಡಿಸಿಕೊಡುವವಳು ನಾನೇ, ಅದರ ಅಂಚು ತುಂಬು ನಾಲ್ಕು ಬೆರಳು. ನನ್ನದು ಮೂರೂವರೆ. ಒಡಲಿನ ಬುಟ್ಟಾಗಳ ನಡುವೆ ಮೊದಲು ಅಂಗೈ ಹಿಡಿಯುವಷ್ಟು ಜಾಗವಿರುತ್ತಿತ್ತು, ಈಗ ಅದು ಅಗಲವಾಗಿ ಹತ್ತಿರ ಹತ್ತಿರ ಒಂದು ಗೇಣಾಗಿತ್ತು.

"ಅಂಚು ಸಣ್ಣಾಗೈತಲ್ಲ ನಾರಾಯಣಪ್ಪನೋರೇ," ಎಂದು ಮೆಲ್ಲಗೆ ಕೇಳಿದೆ.

ಅವರು ಲಾಳಿ ನಿಲ್ಲಿಸಿದರು. "ಏಂ ಚೇಸೇದಿ ತಾಯಿ, ಏನ್ ಮಾಡಾದು. ಚೀನಾ ನೂಲು ತುಟ್ಟಿ, ಜರಿ ತುಟ್ಟಿ. ನೀವು ದರ ಬಿಡಲ್ಲ. ದರ ನಿಲ್ಲಬೇಕಂದ್ರೆ ಅಂಚು ಸರೀಬೇಕು. ಡಾಲರ್ ಮ್ಯಾಕೆ ಹೋದಾಗೆಲ್ಲ ನಾಕು ಎಳಿ ತೆಗೀತೀವಿ. ಈ ಬೀದೀಲಿ ಮಗ್ಗ ಇರೋರೆಲ್ಲ ಹಂಗೇ."

"ನಮ್ಮ ಮನೆಯೋರು ತಿಂಗಳು ತಿಂಗಳು ಬರ್ತಾರಲ್ಲ, ಅವರಿಗೆ ಹೇಳ್ಬಾರದಿತ್ತಾ?"

"ಮೇಷ್ಟ್ರು ದರ ಕೇಳಿದ್ರು, ದರ ಹೇಳಿದ್ವಿ," ಎಂದರು ನಾರಾಯಣಪ್ಪ. "ಅಂಚು ಅವರು ಕೇಳ್ಲೇ ಇಲ್ಲಮ್ಮ."

ಬಸ್ಸಿನಲ್ಲಿ ಅತ್ತೆ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತೃಪ್ತಿಯಾಗಿ ಕೂತಿದ್ದರು. ನಾನು ಮಾತ್ರ ಇವರ ನಾಲ್ಕು ವರ್ಷದ ದರದ ಪಟ್ಟಿಯನ್ನೇ ನೆನೆಯುತ್ತಿದ್ದೆ. ಇವರು ಹುಟ್ಟಿದ್ದೂ ಬೆಳೆದದ್ದೂ ಅದೇ ಪದ್ಧತಿಯ ಮನೆಯಲ್ಲಿ. ಧಾರೆ ಸೀರೆಯ ದರ ಏರದಿರುವುದು ಅವರಿಗೆ ಸೂರ್ಯ ಮೂಡಣದಲ್ಲಿ ಹುಟ್ಟಿದಷ್ಟೇ ಸಹಜವಾಗಿ ಕಂಡಿತ್ತು. ಹೊರಗಿನವರಾಗಿದ್ದರೆ ಯಾಕೆ ಎಂದು ಕೇಳುತ್ತಿದ್ದರೇನೋ. ಬಸ್ ಸ್ಟ್ಯಾಂಡಿನ ಬಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಥೀಸಿಸ್ಸಿನ ಕೊನೆಯ ಅಧ್ಯಾಯ ಟೈಪಾಗುತ್ತಿತ್ತು. ನಾನು ಬಾಯಿ ಬಿಟ್ಟರೆ ಆರು ವರ್ಷದ ಕೆಲಸಕ್ಕೆ ತೂತು, ಬಿಡದಿದ್ದರೆ ತೂತಿರುವ ಕೊಡವನ್ನೇ ಅವರ ತಲೆಯ ಮೇಲಿಟ್ಟು ಕಳಿಸಿದ ಹಾಗೆ.

ಮೂರು ದಿನ ಸುಮ್ಮನಿದ್ದೆ. ಸೋಮವಾರ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುವಾಗ, ಹಣೆಗೆ ಇದನ್ನು ಹಚ್ಚಿಕೊಂಡು ನಾಲಿಗೆಯಲ್ಲಿ ಇನ್ನೊಂದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು. ರೊಟ್ಟಿ ತಟ್ಟೆಗೆ ಹಾಕಿ, ಹೇಳಿಯೇಬಿಟ್ಟೆ.

"ನೀನು ನೋಡಿದ್ದು ಒಂದು ಸೀರೆ," ಎಂದರು.

ಪೆಟ್ಟಿಗೆಯಿಂದ ನನ್ನ ಸೀರೆ ತಂದು ಮುಂದಿಟ್ಟೆ. ಶಾಂತಕ್ಕನದಕ್ಕೂ ಸುಮಳದಕ್ಕೂ ಎಷ್ಟೆಷ್ಟು ವ್ಯತ್ಯಾಸ ಎಂದು ಬೆರಳಿಟ್ಟು ತೋರಿಸಿದೆ. ನಾರಾಯಣಪ್ಪ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಇವರು ಸ್ಕೇಲು ತಂದು ಅಂಚು ಅಳೆದರು. ರೊಟ್ಟಿ ತಣ್ಣಗಾಯಿತು. ಅಂಗಿ ಹಾಕಿಕೊಂಡು ಹೊರಗೆ ಹೋದವರು ಕಾಲೇಜಿನ ಹೊತ್ತಾದರೂ ಬರಲಿಲ್ಲ. ನಾನು ದೇವರ ಮುಂದೆ ಕೂತು, ಬೈದರೂ ಚಿಂತೆಯಿಲ್ಲ, ಕೈಚೆಲ್ಲಿ ಕೂರದ ಹಾಗೆ ಮಾಡು ತಂದೆ ಎಂದು ಕೇಳಿಕೊಂಡೆ.

ಮಧ್ಯಾಹ್ನ ಬಂದರು. ಮುಖದಲ್ಲಿ ನಗು ಇತ್ತು. ಶಿವ ಎಷ್ಟು ಬೇಗ ಕೇಳಿಸಿಕೊಂಡ ಅನ್ನಿಸಿತು.

"ಆರು ವರ್ಷ ಮುಂಬಾಗಿಲಲ್ಲಿ ನಿಂತ್ಕೊಂಡು ಹೊಗೆ ಬರ್ಲಿಲ್ಲ, ಬರ್ಲಿಲ್ಲ ಅಂತಿದ್ದೆ ಕಣೇ. ಅದು ಹಿತ್ತಲ ಬಾಗಿಲಿಂದ ಬಂದು ಒಳಗೇ ಕೂತೈತೆ. ಟೈಪ್ ಮಾಡೋದು ನಿಲ್ಸಿ ಬಂದೆ."

"ಈಗೇನ್ ಮಾಡ್ತೀರಿ?"

"ಎಸ್.ಟಿ.ಡಿ. ಬೂತಿಂದ ಗೈಡಿಗೆ ಫೋನ್ ಮಾಡ್ದೆ. ಇದ್ದದ್ದನ್ನ ಇದ್ದಂಗೆ ಕೊಡು, ಯಾರಿಗೂ ಗೊತ್ತಾಗಲ್ಲ ಅಂದ್ರು. ನಂಗೆ ಗೊತ್ತಾಗೈತಲ್ಲ ಸರ್ ಅಂದೆ. ಹಂಗಾದ್ರೆ ಏಪ್ರಿಲ್ ಒಳಗೆ ಹೊಸ ಟೇಬಲ್ ತಾ ಅಂದ್ರು. ಬೇರೆ ಬೇರೆ ವರ್ಷದ್ದು, ಅದೇ ದರದ್ದು, ನೂರು ಸೀರೆನಾದ್ರೂ ಅಳೀಬೇಕು."

ನೂರು ಸೀರೆ ಎಂದರೆ ನೂರು ಮನೆಯ ಪೆಟ್ಟಿಗೆ. ಗಂಡಸೊಬ್ಬ ಹೋಗಿ ನಿಮ್ಮ ಮದುವೆ ಸೀರೆ ಬಿಚ್ಚಿ ತೋರಿಸಿ ಎಂದರೆ ಏನಾಗುತ್ತದೆ ಎಂದು ನಾನು ಹೇಳಬೇಕಿರಲಿಲ್ಲ. ಅಳತೆಯ ಟೇಪನ್ನು ದರ್ಜಿಯಿಂದ ಇಸಕೊಂಡು ನಾನೇ ಹೊರಟೆ.

ಆ ಚಳಿಗಾಲ, ಬೇಸಿಗೆ ನಾನು ಸುತ್ತಿದಷ್ಟು ಮತ್ತೆಂದೂ ಸುತ್ತಿಲ್ಲ. ನಡುವೆ ಮೈದುನನ ಮದುವೆಯೂ ಆಯಿತು. ಚಳ್ಳಕೆರೆಯ ಬೀದಿಗಳು, ಬಿ.ಜಿ. ಕೆರೆ, ಸಿದ್ದಾಪುರ. ಹೆಣ್ಣು ನೋಡಲು ಬಂದಿದ್ದೇನೆಂದು ತಿಳಿದು ಒಬ್ಬರು ಮಗಳಿಗೆ ತಲೆ ಬಾಚಿ ಕರೆತಂದು ಕೂರಿಸಿದರು. ಇನ್ನೊಬ್ಬರು, ಸರ್ಕಾರ ಸೀರೆಗೂ ಟ್ಯಾಕ್ಸ್ ಹಾಕ್ತೈತಾ ಎಂದು ಬಾಗಿಲು ಹಾಕಿಕೊಂಡರು. ಎಷ್ಟು ಮನೆಯೋ ಅಷ್ಟು ಲೋಟ ಟೀ. ಸೀರೆ ಕೊಂಡ ವರ್ಷ ಯಾವುದೆಂದರೆ ಯಾರೂ ಇಸವಿ ಹೇಳುತ್ತಿರಲಿಲ್ಲ. "ನಮ್ ದೊಡ್ಡೋನು ಹುಟ್ಟೋಕೆ ಮುಂಚಿನ ಮಾಘ," ಎನ್ನುತ್ತಿದ್ದರು. ದೊಡ್ಡವನು ಎಷ್ಟನೇ ಕ್ಲಾಸು ಎಂದು ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬರೆದುಕೊಳ್ಳುತ್ತಿದ್ದೆ. ಸಿದ್ದಾಪುರದಲ್ಲಿ ಕುರಿ ಮೇಯಿಸುವ ಮನೆಯ ಅಜ್ಜಿಯೊಬ್ಬರು ನನ್ನನ್ನು ಕರೆದು ಮಜ್ಜಿಗೆ ಕೊಟ್ಟು, "ನಮ್ಮನಿ ರೇಷ್ಮಿ ಇದೇ ತಾಯಿ, ಅಳ್ಕೋ," ಎಂದು ಕಂಬಳಿ ಮುಂದೊಡ್ಡಿದರು. ಅವರ ಮನಸ್ಸಿಗೆ ಅದನ್ನೂ ಅಳೆದೆ. "ಇದು ಯಾರು ಬಂದ್ರೂ ಸಣ್ಣಾಗಲ್ಲ. ನಾನೇ ನೂತಿದ್ದು," ಎಂದು ಹೆಮ್ಮೆಪಟ್ಟರು.

ಅಕ್ಕಪಕ್ಕದವರು ಕೊಟ್ಟ ಸೀರೆಗಳನ್ನು ಮಲ್ಲಣ್ಣನವರ ಮಿಲ್ಲಿನ ಸಣ್ಣ ತಕ್ಕಡಿಯಲ್ಲಿ ತೂಗಿಸಿದೆವು. "ಶೇಂಗಾ ತೂಗೋ ತಕ್ಕಡಿ ಪುಣ್ಯ ಮಾಡೈತೆ ಬಿಡವ್ವ," ಎಂದು ಅವರು ತಟ್ಟೆಯನ್ನು ನಾಲ್ಕು ಸಲ ಒರೆಸಿಕೊಟ್ಟರು. ಆಮೇಲೆ ಇವರ ಕಡೆ ತಿರುಗಿ, "ಈಗಾದ್ರೂ ಡಾಲರ್ ಎಷ್ಟಾಗ್ತೈತೆ ಹೇಳ್ತೀರಾ ಮೇಷ್ಟ್ರೇ?" ಎಂದರು. ಇವರು, "ಮುಂದಿಂದು ಹೇಳಕ್ಕೆ ಬರಲ್ಲ. ಹಿಂದಿಂದು ನಿಮ್ಮನೇ ಪೆಟ್ಟಿಗೇಲೇ ಐತೆ," ಎಂದರು.

ಬಸವ ಜಯಂತಿಯ ಹೊತ್ತಿಗೆ ಲೆಕ್ಕ ನೂರು ದಾಟಿತು. ಇವರು ಒಂದು ಉದ್ದ ಹಾಳೆಯಲ್ಲಿ ಎರಡು ಗೆರೆ ಎಳೆದರು. ಒಂದು ಡಾಲರಿನದು, ಒಂದು ಅಂಚಿನದು. ಒಂದು ಏರಿದಲ್ಲೆಲ್ಲ ಸ್ವಲ್ಪ ತಡವಾಗಿ ಇನ್ನೊಂದು ಇಳಿದಿತ್ತು. ನನಗೆ ಅರ್ಥಶಾಸ್ತ್ರ ಬರುವುದಿಲ್ಲ, ಆದರೆ ಆ ಎರಡು ಗೆರೆ ನೋಡಿ ಮೈ ಜುಂ ಎಂದಿತು. ಮೇ ತಿಂಗಳ ಕೊನೆಯ ವಾರ ಥೀಸಿಸ್ ಕೊಟ್ಟು ಬಂದರು.

ಮಳೆಗಾಲದಲ್ಲಿ ಗೈಡಿನ ಕಾಗದ ಬಂತು. ಡೆಲ್ಲಿಯಿಂದ ಬರುವ ಪರೀಕ್ಷಕರು ಕಟ್ಟುನಿಟ್ಟಿನವರು, ಹೆಂಡತಿ ಅಳೆದಳು ಎಂಬುದನ್ನು ಅವರು ಒಪ್ಪುತ್ತಾರೋ ಇಲ್ಲವೋ, ಒಂದೇ ಮನೆಯ, ಒಂದೇ ನೇಕಾರನ, ಒಂದೇ ದರದ ಮೂರು ಸೀರೆ ಜೊತೆಗಿದ್ದರೆ ಒಳ್ಳೆಯದು ಎಂದಿತ್ತು. ಒಪ್ಪದಿದ್ದರೆ ಮತ್ತೆ ಬರೆಯಲು ಅವಧಿ ಇರಲಿಲ್ಲ. ಅಂಥ ಮೂರು ಸೀರೆ ಇರುವುದು ನಮ್ಮ ಮನೆಯಲ್ಲೇ. ಅವನ್ನು ಪಕ್ಕಪಕ್ಕ ಇಟ್ಟರೆ ಅತ್ತೆಯ ಕಾನೂನೇ ಸುಳ್ಳೆಂದು ತೋರಿಸಿದ ಹಾಗೆ. ಅದಕ್ಕೇ ಆ ತನಕ ಅವರ ಕಿವಿಗೆ ವಿಷಯ ಬೀಳಿಸಿರಲಿಲ್ಲ. ಬಿ.ಜಿ. ಕೆರೆಯ ಸೀರೆಗಳನ್ನೂ ಅವರಿಗೆ ಕಾಣದ ಹಾಗೆಯೇ ಅಳೆದಿದ್ದೆ.

ಇವರು ಬರುತ್ತೇನೆಂದರೂ ಬೇಡವೆಂದು, ನನ್ನ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ನಾನೊಬ್ಬಳೇ ಬಿ.ಜಿ. ಕೆರೆಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ನವಣೆ ಹಸನು ಮಾಡುತ್ತಿದ್ದರು. ಮೊದಲಿನಿಂದ ಕೊನೆಯ ತನಕ ಹೇಳಿದೆ. ಅವರು ಮೊರ ಕೆಳಗಿಟ್ಟರು.

"ಮೂರೂ ತರ್ರಿ," ಎಂದರು.

ಶಾಂತಕ್ಕ, ಸುಮ, ನಾನು ಸೇರಿ ಮಂಚದ ಮೇಲೆ ಮೂರು ಸೀರೆ ಹರಡಿದೆವು. ಅತ್ತೆ ತಮ್ಮ ಕೈಯನ್ನೇ ಒಂದೊಂದು ಅಂಚಿನ ಮೇಲೂ ಇಟ್ಟು ನೋಡಿದರು.

"ದರ ಒಂದೇ ಆದ್ರೆ ಸೊಸೆಯಂದ್ರೂ ಒಂದೇ ಅಂತ ತಿಳ್ಕೊಂಡಿದ್ದೆ," ಎಂದರು ಕೊನೆಗೆ. ಧ್ವನಿ ಸಣ್ಣಗಾಗಿತ್ತು. "ಈ ಕಿರೀದಕ್ಕೆ ಮೋಸ ಆತಲ್ಲ."

ಸುಮ ಬಂದು ಇನ್ನೂ ಆರು ತಿಂಗಳು. ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಅತ್ತೆ, ನಂದು ಹಗುರ ಐತೆ. ಉಟ್ಕೊಂಡು ಕೆಲಸ ಮಾಡಬಹುದು. ಶಾಂತಕ್ಕಂದು ಉಟ್ರೆ ಕೂತೇ ಇರ್ಬೇಕು," ಎಂದಳು.

"ಕೂತಿರ್ಲಿ ಅಂತಾನೇ ನನಗೆ ಅಗಲಂದು ಕೊಡ್ಸಿದ್ದು," ಎಂದಳು ಶಾಂತಕ್ಕ. "ಹೋಗು, ಟೀ ಇಡು. ನಾನು ನಾಕು ಬೆರಳಿನೋಳು."

ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊಮ್ಮಕ್ಕಳ ಮದುವಿಗೆ ಅಂಚು ಅಳೆದು ತರ್ತೀನಿ. ದರ ಎಷ್ಟಾದ್ರೂ ಆಗ್ಲಿ," ಎಂದರು. ಮೂರು ಸೀರೆಯನ್ನೂ ತಾವೇ ಬಿಳಿ ಪಂಚೆಯಲ್ಲಿ ಕಟ್ಟಿ, ಮೇಲೆ ಎರಡು ಚಿಟಿಕೆ ವಿಭೂತಿ ಹಾಕಿ ನನ್ನ ಕೈಗಿತ್ತರು. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಬೇಕಿರಲಿಲ್ಲ.

ದೀಪಾವಳಿಗೆ ಎರಡು ವಾರ ಇರುವಾಗ ವೈವಾ. ಇವರು ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಗಂಟಿಟ್ಟುಕೊಂಡು ಕೂತೆ. ಒಳಗಿನಿಂದ ಇಂಗ್ಲಿಷು ಕೇಳುತ್ತಿತ್ತು. ಒಂದು ಧ್ವನಿ ಬಾರಿ ಬಾರಿಗೂ ಪ್ರಶ್ನೆ ಕೇಳುತ್ತಿತ್ತು, ಇವರ ಧ್ವನಿ ಪ್ರತಿ ಸಲವೂ ಸ್ವಲ್ಪ ತಡೆದು ಉತ್ತರಿಸುತ್ತಿತ್ತು. ನಾನು ಬೆರಳ ಗೆಣ್ಣು ಎಣಿಸುತ್ತಾ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಎಷ್ಟನೆಯ ಸುತ್ತೋ, ಬಾಗಿಲು ತೆರೆಯಿತು.

"ಗಿರಿಜಾ, ಸೀರೆ ತಗೊಂಡು ಬಾ."

ಉದ್ದನೆಯ ಮೇಜು, ನಾಲ್ಕು ಜನ ಪ್ರೊಫೆಸರರು. ಡೆಲ್ಲಿಯವರು ತೆಳ್ಳಗೆ, ಬೆಳ್ಳಗಿನ ಕೂದಲು, ನಗದ ಮುಖ. ಯಾವುದು ಯಾವ ವರ್ಷದ್ದೆಂದು ಹೇಳಬೇಡಿ ಎಂದು ಗೈಡಿನ ಬಾಯಲ್ಲಿ ನನಗೆ ತಿಳಿಸಿದರು. ಮೂರನ್ನೂ ಬಿಚ್ಚಿ ಮೇಜಿನ ಮೇಲೆ ಹಾಸಿದರು, ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ತಮ್ಮ ಪೆನ್ನನ್ನು ಅಂಚಿಗೆ ಅಡ್ಡ ಹಿಡಿದರು, ಬುಟ್ಟಾ ಎಣಿಸಿದರು. ಆಮೇಲೆ ಒಂದನ್ನು ಎಡಕ್ಕೆ, ಒಂದನ್ನು ನಡುವೆ, ಒಂದನ್ನು ಬಲಕ್ಕೆ ಸರಿಸಿ ನನ್ನ ಮುಖ ನೋಡಿದರು. ಶಾಂತಕ್ಕ, ನಾನು, ಸುಮ. ಸರಿಯಾಗಿತ್ತು. ನಾನು ತಲೆಯಾಡಿಸಿದೆ.

ಅವರು ಏನೋ ಕೇಳಿದರು. ಈ ವ್ಯತ್ಯಾಸ ನಿಮಗೆ ಯಾವಾಗ ಗೊತ್ತಾಯಿತು ಎಂದು ಗೈಡ್ ಕನ್ನಡದಲ್ಲಿ ಹೇಳಿದರು.

"ನಂದೂ ಅಕ್ಕಂದೂ ಒಂದೇ ಅಲ್ಲ ಅಂತ ನನ್ನ ಮದುವೆ ದಿನಾನೇ ಗೊತ್ತಿತ್ತು ಸರ್," ಎಂದೆ. "ಅದು ಅರ್ಥಶಾಸ್ತ್ರ ಅಂತ ಗೊತ್ತಿರ್ಲಿಲ್ಲ."

ಗೈಡ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮೂವರು ನಕ್ಕರು. ಡೆಲ್ಲಿಯವರು ನಗಲಿಲ್ಲ, ಕಾಗದದ ಮೇಲೆ ಏನೋ ಬರೆದು ಫೈಲು ಮುಚ್ಚಿದರು. ಆಯಿತೋ ಹೋಯಿತೋ ತಿಳಿಯಲಿಲ್ಲ. ಇವರ ಮುಖ ನೋಡಿದೆ, ಅವರಿಗೂ ತಿಳಿದಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ಶಾಂತಕ್ಕನ ಸೀರೆ ಎತ್ತಿಕೊಂಡು ಮಡಿಸಲು ಹೊರಟೆ. ಅಷ್ಟು ಭಾರದ ಸೀರೆ ಒಬ್ಬಳಿಗೆ ಬಗ್ಗುವುದಿಲ್ಲ. ಡೆಲ್ಲಿಯವರು ಎದ್ದು ಬಂದು ಒಂದು ತುದಿ ಹಿಡಿದರು. ಚಿಕ್ಕಂದಿನಲ್ಲಿ ತಾಯಿಗೆ ಮಡಿಸಿಕೊಡುತ್ತಿದ್ದರಂತೆ. ಇನ್ನೊಂದು ತುದಿಯನ್ನು ಇವರ ಕೈಗೆ ಕೊಟ್ಟೆ. ಇಬ್ಬರೂ ಹಿಂದೆ ಹಿಂದೆ ಸರಿದು ಕೋಣೆಯ ಆ ಗೋಡೆಗೊಬ್ಬರು ಈ ಗೋಡೆಗೊಬ್ಬರು ನಿಂತರು. ನಡುವೆ ಸೀರೆ ಜೋತುಬಿತ್ತು.

"ಡಾಕ್ಟರ್," ಎಂದರು ಡೆಲ್ಲಿಯವರು ಇಂಗ್ಲಿಷಿನಲ್ಲಿ, "ನಿಮ್ಮ ಕಡೆ ಸಡಿಲವಾಗಿದೆ, ಸ್ವಲ್ಪ ಎಳೆಯಿರಿ."

ಅಷ್ಟು ಇಂಗ್ಲಿಷು ನನಗೂ ತಿಳಿಯಿತು. ಇವರು ಮಾತ್ರ ಡಾಕ್ಟರ್ ಯಾರು ಬಂದರೆಂದು ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು.

"ರೀ," ಎಂದೆ, "ನಿಮಗೇ ಹೇಳ್ತಿರೋದು. ಎಳೀರಿ."